ಶುಕ್ರವಾರ ಹೊಸಿಲು ದಾಟದ ಹಣ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹಬ್ಬಕ್ಕೆಂದು ಕೇದಿಗೆ ತರಿಸಿದ್ದರು. ನನಗೂ ಒಂದು ಗರಿ ಇರಲಿ ಎಂದು ಬಾಗಿಲಲ್ಲಿ ನಿಂತು ಕೊಟ್ಟುಹೋದರು. ಪಾಪ, ಅವರಿಗೇನು ಗೊತ್ತು. ಅವರು ಅತ್ತ ಹೋದ ಕೂಡಲೇ ಅದನ್ನು ಹಿತ್ತಲಿಗೆ ಎಸೆದು ಬಂದೆ. ಕೈಗೆ ಹತ್ತಿದ ವಾಸನೆ ಮಾತ್ರ ಹೋಗಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದೆ, ಆದರೂ ಹೋಗಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಕೇದಿಗೆ ಘಮ್ಮೆಂದರೆ ಬೇರೆಯವರಿಗೆ ದೇವಿ ನೆನಪಾಗುತ್ತಾಳೆ. ನನಗೆ ಶಿವಮೊಗ್ಗದ ಒಬ್ಬ ಅಡಿಕೆ ಮಂಡಿ ಸಾಹುಕಾರರು ನೆನಪಾಗುತ್ತಾರೆ, ಮೈಯೆಲ್ಲ ಉರಿಯುತ್ತದೆ.

ಅವರು ಮೋಸಗಾರರಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಮೋಸಗಾರರಾಗಿದ್ದರೆ ಬಾಯಿ ತುಂಬ ಶಾಪ ಹಾಕಿ ಎಂದೋ ಮರೆತುಬಿಡುತ್ತಿದ್ದೆ. ಅವರು ಸತ್ಯವಂತರು, ದಾನಿಗಳು, ಬಂದವರಿಗೆ ಊಟ ಹಾಕದೆ ಕಳಿಸದವರು. ಬಿಳಿ ಪಂಚೆ, ಹೆಗಲ ಮೇಲೆ ಜರಿ ಅಂಚಿನ ಶಲ್ಯ, ಮಾತಾಡಿಸಿದರೆ ಬೆಲ್ಲದಂಥ ಮಾತು. ಅವರ ಮೇಲೆ ಕೋಪ ಮಾಡಿಕೊಳ್ಳುವುದೇ ಕಷ್ಟವಾಗಿತ್ತು. ಇಷ್ಟು ವರ್ಷಗಳ ಮೇಲೂ ನನಗೆ ಆ ಕಷ್ಟ ತಪ್ಪಿಲ್ಲ, ಕೋಪವೂ ತಪ್ಪಿಲ್ಲ.

ಅಪ್ಪ ಸಾಯುವ ಮೊದಲು ಹೊಳಲೂರಿನ ಗದ್ದೆ ಮಾರಿ, ಬಂದ ಹಣವನ್ನೆಲ್ಲ ಅವರ ಮಂಡಿಯಲ್ಲಿ ಇಟ್ಟಿದ್ದ. ಆಗ ನಮ್ಮಂಥವರೆಲ್ಲ ಹಾಗೇ ಮಾಡುತ್ತಿದ್ದರು. ಬ್ಯಾಂಕಿನವರು ಯಾರೋ ಏನೋ, ಸಾಹುಕಾರರಾದರೆ ನಮ್ಮವರು. ಅಪ್ಪ ಹೋದ ಮೇಲೆ ಅವ್ವ, ಅಣ್ಣ, ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆ ಮಾಡಿದೆವು. ಅಣ್ಣನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನಾನು ಆಗತಾನೇ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಲು ಸೇರಿದ್ದೆ. ಅಣ್ಣನಿಗೆ ಜರ್ಮನಿಗೆ ಹೋಗಿ ಉಕ್ಕಿನ ಕೆಲಸ ಕಲಿಯಬೇಕೆಂಬ ಹುಚ್ಚು. ‘ಕಬ್ಬಿಣ ಕಾಯಿಸೋರು ಬೇಕಾದಷ್ಟು ಜನ ಇದ್ದಾರೆ, ಉಕ್ಕು ಮಾಡೋದು ಕಲ್ತು ಬರ್ತೀನಿ ಅವ್ವಾ’ ಎನ್ನುತ್ತಿದ್ದ. ಅವ್ವನ ಒಡವೆ ಮಾರಿ ಹಡಗಿನ ಖರ್ಚಾಯಿತು. ಅಲ್ಲಿ ಇದ್ದು ಓದುವ ಖರ್ಚಿಗೆ ಸಾಹುಕಾರರಲ್ಲಿದ್ದ ಗದ್ದೆಯ ಹಣ.

ಹಣ ಕಳಿಸುವ ದಾರಿ ಹೀಗಿತ್ತು. ಕೆಲವು ತಿಂಗಳಿಗೊಮ್ಮೆ ಅವ್ವನೋ ನಾನೋ ರೈಲು ಹತ್ತಿ ಶಿವಮೊಗ್ಗಕ್ಕೆ ಹೋಗಿ ಸಾಹುಕಾರರಿಗೆ ಹೇಳುವುದು. ಅವರು ತಿಜೋರಿಯಿಂದ ತೆಗೆದು ಊರಿನ ಬ್ಯಾಂಕಿಗೆ ಕಟ್ಟುವುದು. ಅಲ್ಲಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಜರ್ಮನಿಯಲ್ಲಿ ಅಣ್ಣನ ಹೆಸರಿನಲ್ಲಿದ್ದ ಖಾತೆಗೆ. ಆ ಹಣಕ್ಕೆ ಸಮುದ್ರ ದಾಟಲು ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಸಾಹುಕಾರರ ಮನೆಯ ಹೊಸಿಲು ದಾಟಲು.

ಮಂಗಳವಾರ ಹಣ ಆಚೆ ಹೋಗಬಾರದು. ಶುಕ್ರವಾರ ಹೋಗಲೇಬಾರದು. ಅಮಾವಾಸ್ಯೆಗೆ ಇಲ್ಲ, ದೀಪ ಹಚ್ಚಿದ ಮೇಲೆ ಇಲ್ಲ, ರಾಹುಕಾಲದಲ್ಲಿ ಇಲ್ಲ. ಯಾರಾದರೂ ಸೀನಿದರೆ ಸ್ವಲ್ಪ ತಡೆದು. ಈ ಪದ್ಧತಿ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದ್ದದ್ದೇ, ನಮ್ಮ ಮನೆಯಲ್ಲೂ ಇತ್ತು. ಆದರೆ ನಾವು ಹೊಸಿಲಿನಾಚೆ ಕಳಿಸದೆ ಇಟ್ಟುಕೊಳ್ಳುತ್ತಿದ್ದುದು ನಮ್ಮ ಲಕ್ಷ್ಮಿಯನ್ನು. ಅವರು ಇಟ್ಟುಕೊಳ್ಳುತ್ತಿದ್ದುದೂ ನಮ್ಮ ಲಕ್ಷ್ಮಿಯನ್ನೇ. ಒಂದು ಸಲ ಮಂಗಳವಾರ ಅಡ್ಡ ಬಂದು ಬೊಂಬಾಯಿಯ ಟಪಾಲು ತಪ್ಪಿತು. ಅಣ್ಣನಿಂದ ಕಾಗದ ಬಂತು. ‘ಒಂದು ವಾರ ಆಲೂಗಡ್ಡೆ ಬೇಯಿಸಿ ತಿಂದೆ. ಸಾಹುಕಾರರ ಪಂಚಾಂಗಕ್ಕೆ ನನ್ನ ಸಾಷ್ಟಾಂಗ ನಮಸ್ಕಾರ ಹೇಳು’ ಎಂದು ತಮಾಷೆಯಾಗಿ ಬರೆದಿದ್ದ. ಅವ್ವನೂ ನಾನೂ ಅದನ್ನು ಓದಿ ನಕ್ಕೆವು. ನಕ್ಕೆವಲ್ಲ...

ಎರಡನೇ ಮಹಾಯುದ್ಧ ಶುರುವಾದ ವರ್ಷ ಅವನ ಓದು ಮುಗಿಯುತ್ತ ಬಂದಿತ್ತು. ಇಲ್ಲಿನ ಗಾಳಿ ಸರಿಯಿಲ್ಲ, ಊರಿಗೆ ಬಂದುಬಿಡುತ್ತೇನೆ, ಟಿಕೆಟ್ಟಿಗೆ ಹಣ ಕಳಿಸಿ ಎಂದು ಬರೆದ. ನಾನು ಕಾಗದ ಹಿಡಿದು ಸಾಹುಕಾರರ ಮುಂದೆ ನಿಂತೆ. ಆ ವರ್ಷ ಶ್ರಾವಣ ಎರಡು ಬಂದಿತ್ತು, ನಡೆಯುತ್ತಿದ್ದುದು ಅಧಿಕಮಾಸ.

“ಪ್ರಯಾಣದ ದುಡ್ಡು ಕಣಮ್ಮ. ಅಧಿಕಮಾಸದಲ್ಲಿ ಕಳಿಸಿದ್ರೆ ಪ್ರಯಾಣವೇ ಕೆಡುತ್ತೆ,” ಎಂದರು. “ನಿಜ ಶ್ರಾವಣ ಬರ್ಲಿ. ವರಮಹಾಲಕ್ಷ್ಮಿ ದಿನ ದೇವಿ ಮುಂದೆ ಇಟ್ಟು ಪೂಜೆ ಮಾಡಿ, ಮಾರನೇ ದಿನ ಕಳಿಸ್ತೀನಿ. ಹುಡುಗ ಸುಖವಾಗಿ ಮನೆ ಸೇರ್ತಾನೆ.”

ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅಣ್ಣನ ಮೇಲೆ ಅವರಿಗೆ ಅಷ್ಟು ಪ್ರೀತಿ. ಅವ್ವನಿಗೆ ಹೇಳಿದರೆ ಅವಳೂ ಕೈಮುಗಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಪ್ರೀತಿಯಿಂದಲೇ ಕೊಡಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ತಂತಿ ಬಂತು. ತಂತಿ ಎಂದರೆ ಸಾವಿನ ಸುದ್ದಿ ಎಂದುಕೊಂಡು ಅವ್ವ ಅಂಗಳದಲ್ಲೇ ಕುಕ್ಕರಿಸಿದಳು. ನಾನು ಓದಿ ಹೇಳಿದೆ. ಟಿಕೆಟ್ಟಿನ ಹಣವನ್ನು ತಂತಿಯಲ್ಲಿ ಇವತ್ತೇ ಕಳಿಸಿ, ತಡವಾದರೆ ಇಲ್ಲಿಂದ ಹೊರಡಲಾಗುವುದಿಲ್ಲ ಎಂದಿತ್ತು. ಅವ್ವ ಬರುವ ಹಾಗಿರಲಿಲ್ಲ. ಗಂಡ ಸತ್ತವಳು ವರಮಹಾಲಕ್ಷ್ಮಿಯ ದಿನ ಮುತ್ತೈದೆಯರು ತುಂಬಿದ ಮನೆಗೆ ಹೇಗೆ ಕಾಲಿಟ್ಟಾಳು? ಮಗನ ಜೀವ ಹೋಗುತ್ತಿದ್ದರೂ ಇಡುವ ಹಾಗಿಲ್ಲ. ನಾನೊಬ್ಬಳೇ ರೈಲು ಹತ್ತಿದೆ.

ಮಂಡಿಗೆ ರಜ. ಹಿಂದಿನ ಮನೆಯ ಬಾಗಿಲಿಗೆ ಮಾವಿನ ತೋರಣ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಹೆಂಗಸರು, ಮನೆ ತುಂಬ ಕೇದಿಗೆಯ ವಾಸನೆ. ಸಾಹುಕಾರರು ಮಡಿಯುಟ್ಟು ನಡುಮನೆಯಲ್ಲಿ ನಿಂತಿದ್ದರು. ತಂತಿ ತೋರಿಸಿ ವಿಷಯ ಹೇಳಿದೆ.

“ಅಲ್ಲ ಮಾರಾಯ್ತಿ, ಇವತ್ತು ಯಾವ ದಿನ ಅಂತ ಗೊತ್ತಿದ್ದೂ ಕೇಳ್ತೀಯಲ್ಲ!” ಎಂದರು. “ಶುಕ್ರವಾರ, ಅದರಲ್ಲೂ ವರಮಹಾಲಕ್ಷ್ಮಿ. ಕರೆದು ಕೂರಿಸಿರೋ ಲಕ್ಷ್ಮೀನ ಇವತ್ತೇ ಆಚೆ ಕಳಿಸ್ಲಾ? ನಾಳೆ ಕಲಶ ಕದಲಿಸಿದ ತಕ್ಷಣ ನಾನೇ ಬ್ಯಾಂಕಿಗೆ ಹೋಗ್ತೀನಿ.”

“ನಾಳೆ ತಡ ಆಗ್ಬಹುದು ಸಾಹುಕಾರ್ರೇ. ಯುದ್ಧ ಆಗುತ್ತೆ ಅಂತಿದಾರೆ.”

“ಪೇಪರ್‌ನೋರು ವರ್ಷವಿಡೀ ಯುದ್ಧ ಮಾಡಿಸ್ತಾನೇ ಇರ್ತಾರೆ. ನಿಮ್ಮಣ್ಣ ನಂಗೂ ಮಗ ಇದ್ದಂಗೆ. ಅವನಿಗೆ ಕೆಡುಕಾಗೋ ಕೆಲಸ ನನ್ ಕೈಲಿ ಮಾಡಿಸ್ಬೇಡ.”

“ಅದು ನಮ್ಮ ದುಡ್ಡು.” ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಹೆಂಗಸರೆಲ್ಲ ತಿರುಗಿ ನೋಡಿದರು. ಸಾಹುಕಾರರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಗುತ್ತಿತ್ತು. “ನಿಮ್ಮದೇ ಕಣಮ್ಮ, ಒಂದು ಕಾಸು ಆಚೀಚೆ ಆಗಲ್ಲ,” ಎಂದು ನಕ್ಕು ಹೆಂಡತಿಯನ್ನು ಕರೆದರು. “ಇವಳನ್ನ ಒಳಗೆ ಕರ್ಕೊಂಡು ಹೋಗು. ಬೆಳಗಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ.”

ಬೇರೆ ಯಾರಲ್ಲಾದರೂ ಸಾಲ ಕೇಳೋಣವೆಂದರೆ ಆ ದಿನ ಶಿವಮೊಗ್ಗದ ಯಾವ ಬಾಗಿಲು ತಟ್ಟಿದರೂ ಇದೇ ಉತ್ತರ ಬರುತ್ತಿತ್ತು. ಬ್ಯಾಂಕು ಮಾತ್ರ ತೆರೆದಿತ್ತು. ಬರುವಾಗ ದಾರಿಯಲ್ಲಿ ಅದರ ಬಾಗಿಲು ನೋಡಿಕೊಂಡೇ ಬಂದಿದ್ದೆ.

ದೇವಿಯ ಮುಂದೆ ನನ್ನನ್ನು ಕೂರಿಸಿದರು. ಕಲಶಕ್ಕೆ ಮುಖವಾಡ, ಹಸಿರು ರೇಷ್ಮೆ ಸೀರೆ, ಜಡೆಯ ತುಂಬ ಕೇದಿಗೆ. ಮುಂದೆ ಬೆಳ್ಳಿ ತಟ್ಟೆಯಲ್ಲಿ ನೋಟಿನ ಕಟ್ಟು, ಅದರ ಮೇಲೆ ಅರಿಸಿನ ಕುಂಕುಮ, ಒಂದು ಗುಲಾಬಿ. “ಅಕೋ ನೋಡು, ಅದೇ ನಿಮ್ಮಣ್ಣನ ದುಡ್ಡು,” ಎಂದು ಸಾಹುಕಾರರ ಹೆಂಡತಿ ಅಕ್ಕರೆಯಿಂದ ತೋರಿಸಿದರು. “ನಮ್ಮದಕ್ಕಿಂತ ಮುಂದೆ ನಿಮ್ಮದನ್ನೇ ಇಟ್ಟಿದಾರೆ ನಮ್ಮೆಜಮಾನ್ರು.”

ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಕೈ ಚಾಚಿದೆ. ಹೌದು, ತಟ್ಟೆಯ ಕಡೆಗೇ ಚಾಚಿದೆ. ತೆಗೆದುಕೊಂಡು ಓಡಿಬಿಡಬೇಕು ಎನ್ನುವುದೊಂದೇ ಮನಸ್ಸಿನಲ್ಲಿ. ಆ ತಾಯಿ ನನ್ನ ಚಾಚಿದ ಕೈಯನ್ನು ಹಿಡಿದು, ಬಳೆಗೆಂದೇ ಚಾಚಿದೆ ಎಂದುಕೊಂಡು, ಹಸಿರು ಬಳೆ ತೊಡಿಸತೊಡಗಿದರು. ಒಂದು ಕೈ ಆಯಿತು, ಇನ್ನೊಂದು ಕೈಯನ್ನೂ ಎಳೆದುಕೊಂಡರು. “ಬರೋ ವರ್ಷದೊಳಗೆ ನಿಂಗೂ ಮದುವೆ ಆಗ್ಲಿ ಕೂಸೇ,” ಎಂದರು. ಸುತ್ತಲಿದ್ದವರು ಹಾಡು ಶುರುಮಾಡಿದರು. ನಾನು ಎದ್ದು ಚೀರಬೇಕಿತ್ತು. ಆ ಗದ್ದಲದಲ್ಲಿ ಯಾರಿಗೆ ಕೇಳುತ್ತಿತ್ತು... ಮಧ್ಯಾಹ್ನ ಹೋಳಿಗೆ ಬಡಿಸಿದರು. ನಾನು ಎಲೆಯ ಮುಂದೆ ಕೂತಿರುವಾಗಲೇ ಬ್ಯಾಂಕು ಬಾಗಿಲು ಹಾಕಿರಬೇಕು. ಆ ರಾತ್ರಿ ಅವರ ಮನೆಯಲ್ಲೇ ಉಳಿದೆ.

ಮಾರನೆಯ ದಿನ ಸಾಹುಕಾರರು ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆಯೇ ಕಲಶ ಕದಲಿಸಿ, ಅರಿಸಿನ ಮೆತ್ತಿದ ಆ ನೋಟಿನ ಕಟ್ಟನ್ನು ಶಲ್ಯದಲ್ಲಿ ಸುತ್ತಿಕೊಂಡು, ನನ್ನನ್ನೂ ಜಟಕಾದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಹೋದರು. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆವು. ಬ್ಯಾಂಕಿನ ಮುಖ್ಯಸ್ಥರಾದ ಏಜೆಂಟರು ಹಣ ಎಲ್ಲಿಗೆ ಎಂದು ಕೇಳಿದರು. ಸಾಹುಕಾರರು ಹೇಳಿದರು.

ಏಜೆಂಟರು ಹಣವನ್ನು ಮುಟ್ಟಲಿಲ್ಲ. “ಈಗಷ್ಟೇ ಬೊಂಬಾಯಿಂದ ತಂತಿ ಬಂತು. ಜರ್ಮನಿಗೆ ಹೋಗೋ ಹಣ ಇನ್ನು ತೊಗೊಳ್ಳೋ ಹಾಗಿಲ್ಲ,” ಎಂದರು. ಆಮೇಲೆ ಆಶ್ಚರ್ಯದಿಂದ ಕೇಳಿದರು. “ನಿನ್ನೆ ಯಾಕೆ ಬರ್ಲಿಲ್ಲ ನೀವು? ನಿನ್ನೆ ಬಂದಿದ್ರೆ ಹೋಗ್ತಿತ್ತಲ್ಲ.”

ಸಾಹುಕಾರರು ನನ್ನ ಕಡೆ ನೋಡಲಿಲ್ಲ. ಬೇಡಿದರು, ಏಜೆಂಟರ ಕೈ ಹಿಡಿದುಕೊಂಡರು, ಎರಡರಷ್ಟು ಕಟ್ಟುತ್ತೇನೆ ಎಂದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮುಂದಿನ ವಾರ ಯುದ್ಧ ಶುರುವಾಯಿತು. ಅಣ್ಣ ಇದ್ದ ದೇಶ ನಮ್ಮನ್ನಾಳುವವರಿಗೆ ಶತ್ರುವಾಯಿತು. ಹಣವಿರಲಿ, ಒಂದು ಕಾರ್ಡು ಕೂಡ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಮಧ್ಯೆ ಬೇರೆ ದೇಶದ ದಾರಿಯಾಗಿ ಎರಡು ಪುಟ್ಟ ಚೀಟಿ ಬಂದವು. ಕ್ಷೇಮವಾಗಿದ್ದೇನೆ, ಅವ್ವನನ್ನು ನೋಡಿಕೋ ಎಂದಿತ್ತು. ಆಮೇಲೆ ಅದೂ ಇಲ್ಲ. ಸಾಹುಕಾರರು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಆದರೆ ಪ್ರತಿ ಸುಗ್ಗಿಗೂ ಅವರ ಕಡೆಯಿಂದ ಅಕ್ಕಿ ಮೂಟೆ ಬಂದು ಬಾಗಿಲಲ್ಲಿ ಇಳಿಯುತ್ತಿತ್ತು. ಅವ್ವ ಅನ್ನ ಮಾಡಿ ಬಡಿಸುತ್ತಿದ್ದಳು, ನಾನು ತಿನ್ನುತ್ತಿದ್ದೆ. ಹಸಿವಿಗೆ ರೋಷವಿಲ್ಲ.

ಯುದ್ಧ ಮುಗಿದ ಮೇಲೆ ಸರ್ಕಾರದಿಂದ ಕಾಗದ ಬಂತು. ಅವನಿದ್ದ ಬೀದಿಯೇ ಬಾಂಬಿಗೆ ಸುಟ್ಟುಹೋಗಿದೆ, ಉಳಿದವರಲ್ಲಿ ಅವನಿಲ್ಲ. ಅಷ್ಟೇ. ಹೆಣ ಇಲ್ಲ, ಬೂದಿ ಇಲ್ಲ. ಯಾವ ದಿನ ಸತ್ತ ಎಂದು ಗೊತ್ತಿಲ್ಲದೆ ತಿಥಿ ಮಾಡುವುದು ಹೇಗೆ ಎಂದು ಅವ್ವ ಪುರೋಹಿತರನ್ನು ಕೇಳಿಕೊಂಡು ಓಡಾಡಿದಳು.

ಸುದ್ದಿ ಕೇಳಿ ಸಾಹುಕಾರರು ಓಲ್ಡ್ ಟೌನಿಗೆ ಬಂದರು. ಎಷ್ಟು ಇಳಿದುಹೋಗಿದ್ದರು! ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಂಟೊಂದನ್ನು ಅವ್ವನ ಮುಂದೆ ಇಟ್ಟು, “ಬಡ್ಡಿ ಸೇರಿ ಎಲ್ಲಾ ಇದೆ ತಾಯೀ,” ಎಂದರು.

ಅವ್ವ ಯಾರಿಗೂ ಒಂದು ಕೆಟ್ಟ ಮಾತಾಡಿದವಳಲ್ಲ. ಆ ಗಂಟನ್ನು ನೋಡುತ್ತ ಮೆಲ್ಲಗೆ ಕೇಳಿದಳು. “ಇವತ್ತು ಯಾವ ವಾರ ಸಾಹುಕಾರ್ರೇ?”

“ಶುಕ್ರವಾರ,” ಎಂದರು ಅವರು.

“ಅಂದ್ರೆ... ಶುಕ್ರವಾರವೂ ಹೊಸಿಲು ದಾಟಕ್ಕೆ ಬರುತ್ತೆ ಈ ಲಕ್ಷ್ಮಿಗೆ,” ಎಂದಳು ಅವ್ವ.

ಸಾಹುಕಾರರು ಶಲ್ಯದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ದೊಡ್ಡ ಮನುಷ್ಯರು ಹಾಗೆ ಬಿಕ್ಕಿ ಅಳುವುದನ್ನು ನಾನು ನೋಡಿರಲಿಲ್ಲ. ಅವ್ವನೇ ಒಳಗೆ ಹೋಗಿ ನೀರು ತಂದುಕೊಟ್ಟಳು. ನನಗೆ ಮರುಕ ಹುಟ್ಟಲಿಲ್ಲ. ಇವತ್ತಿಗೂ ಹುಟ್ಟಿಲ್ಲ. ವಿಧಿ ಎನ್ನುತ್ತಾರೆ, ಅವರದೇನು ತಪ್ಪು ಎನ್ನುತ್ತಾರೆ, ಅವತ್ತೇ ಹಣ ಹೋಗಿದ್ದರೂ ಅಣ್ಣ ಬರುತ್ತಿದ್ದನೆಂದು ಏನು ಖಾತ್ರಿ ಎಂದು ನನ್ನ ಗಂಡನೇ ಕೇಳಿದ್ದುಂಟು. ಖಾತ್ರಿ ಇಲ್ಲ. ಆ ಒಂದು ದಿನವನ್ನು ಅವನಿಗೆ ಕೊಟ್ಟು ನೋಡಬೇಕಿತ್ತು.

ಸಾಹುಕಾರರು ಹೋಗಿ ಎಷ್ಟೋ ಕಾಲವಾಯಿತು. ಅವರ ಹೆಸರೆತ್ತಿದರೆ ಶಿವಮೊಗ್ಗದ ಹಳಬರು ಈಗಲೂ ಕೈಮುಗಿಯುತ್ತಾರೆ. ನಾನು ಎದುರಾಡುವುದಿಲ್ಲ. ನನ್ನ ಮನೆಯಲ್ಲಿ ಮಾತ್ರ ಹಾಲಿನವನಿಗೆ, ಅಗಸರವನಿಗೆ, ಕಷ್ಟವೆಂದು ಬಂದವರಿಗೆ ಶುಕ್ರವಾರವೇ ಹಣ ಕೊಡುವುದು. ಮಂಗಳವಾರವೂ ಸರಿ, ದೀಪ ಹಚ್ಚಿದ ಮೇಲೂ ಸರಿ. ಲಕ್ಷ್ಮಿ ಮುನಿಸಿಕೊಂಡು ಹೋದರೆ ಹೋಗಲಿ ಎಂದರೆ ಸೊಸೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ಅವಳಿಗೆ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಆ ಗಂಟನ್ನು ನಾವು ವಾಪಸು ಕಳಿಸಲಿಲ್ಲ, ಕಳಿಸುವ ಶಕ್ತಿಯೂ ಇರಲಿಲ್ಲ. ಅದರಲ್ಲೇ ನನ್ನ ಮದುವೆಯಾಯಿತು. ನನ್ನ ಕೊರಳಲ್ಲಿರುವ ತಾಳಿಯ ಸರ ಆ ಹಣದ್ದು. ನೋಡಿದವರು ಹಳೆಯ ಕಾಲದ ಗಟ್ಟಿ ಚಿನ್ನ ಎಂದು ಹೊಗಳುತ್ತಾರೆ. ಅದು ನಮ್ಮಣ್ಣ ಊರಿಗೆ ಬರಬೇಕಾಗಿದ್ದ ಹಡಗಿನ ಟಿಕೆಟ್ಟು.