ಅಣ್ಣನಿಗೆ ಸಿಕ್ಕ ಜೋಡಿ

ನನ್ನ ಅಣ್ಣ ದಡ್ಡನಾಗಿರಲಿಲ್ಲ. ಅವನನ್ನು ದಡ್ಡನೆಂದು ಬರೆದು ಮನೆಗೆ ಕಳಿಸಿದ ತರಬೇತುದಾರರೇ ತಮ್ಮ ಕೆಲಸವನ್ನು ಸರಿಯಾಗಿ ಮಾಡಿರಲಿಲ್ಲ. ನಾನು ಚಿಕ್ಕವನಿದ್ದಾಗ ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡಲಿಲ್ಲ. ಮಕ್ಕಳೇ, ಇಂದು ನಿಮ್ಮೆದುರು ಆಡುತ್ತಿದ್ದೇನೆ.

ಅದು ಎಪ್ಪತ್ತರ ದಶಕದ ಕೊನೆ. ನಾವು ಬೆಟಗೇರಿಯ ನೇಕಾರರು. ನಡುಮನೆಯಲ್ಲಿ ತೋಡಿದ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಅಪ್ಪ ದಿನವಿಡೀ ಸೀರೆ ನೇಯುತ್ತಿದ್ದ. ಮನೆತುಂಬ ಗಂಜಿ ಹಾಕಿದ ನೂಲಿನ ಹುಳಿವಾಸನೆ. ಅಣ್ಣ ಸೈನ್ಯಕ್ಕೆ ಆಯ್ಕೆಯಾಗಿ ದೂರದ ತರಬೇತಿ ಕೇಂದ್ರಕ್ಕೆ ಹೋಗಿ ಐದು ತಿಂಗಳಾಗಿತ್ತು; ನನಗಾಗ ಹತ್ತು ವರ್ಷ. ಒಂದು ಮಧ್ಯಾಹ್ನ, ಬಿಸಿಲಿಗೆ ಓಣಿಯೇ ಸುಸ್ತಾಗಿ ಮಲಗಿದ್ದಾಗ, ಅವನು ಕಬ್ಬಿಣದ ಟ್ರಂಕು ಹೊತ್ತು ಬಾಗಿಲಲ್ಲಿ ನಿಂತ. ಮಗ್ಗದ ಸಪ್ಪಳ ನಿಂತಿತು.

"ಓಡಿ ಬಂದೀಯೇನಲೇ?" ಅಪ್ಪ ಕೇಳಿದ.

"ಇಲ್ಲ ಯಪ್ಪಾ, ಅವರ ಕಳಿಸ್ಯಾರ. ಕಲಿಯೂ ಶಕ್ತಿ ಇಲ್ಲಂತ ಬರದ ಕೊಟ್ಟಾರ."

ಅವ್ವ ತಂದಿಟ್ಟ ನೀರನ್ನು ಅವನು ಮುಟ್ಟಲಿಲ್ಲ. ಅಪ್ಪ ತನ್ನನ್ನು ನಂಬುವನೇ ಎಂಬ ಅಂಜಿಕೆಯೊಂದೇ ಆ ಕಣ್ಣುಗಳಲ್ಲಿತ್ತು.

ನಡೆದದ್ದನ್ನು ತಡೆತಡೆದು ಹೇಳಿದ. ಅಲ್ಲಿ ಪಾಠ ಮುಗಿದೊಡನೆ ಹೊಸ ಸಿಪಾಯಿಗಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸುತ್ತಿದ್ದರು. ಕಲಿತದ್ದನ್ನು ಒಬ್ಬನು ಹೇಳಬೇಕು, ಇನ್ನೊಬ್ಬನು ಪ್ರಶ್ನೆ ಕೇಳಬೇಕು, ಬಳಿಕ ಅದಲುಬದಲು. ಅಣ್ಣನ ಜೋಡಿ ಎಲ್ಲಿಯೋ ಬೆಟ್ಟದ ಸೀಮೆಯ ಹುಡುಗ. ಅವನಿಗೆ ಕನ್ನಡ ಬಾರದು, ಅಣ್ಣನಿಗೆ ಅವನ ನುಡಿ ಬಾರದು. ಪಾಠದ ಹಿಂದಿ ಇಬ್ಬರಿಗೂ ಅರೆಬರೆ.

"ಮತ್ತ ಏನ್ ಮಾತಾಡ್ತಿದ್ರಿ?" ಅವ್ವ ಕೇಳಿದಳು.

"ಸುಮ್ಮನ ಕುಂತ್ರ ಬೈತಿದ್ರಬೇ. ನಾ ಕನ್ನಡದಾಗ ನಮ್ಮ ಮಗ್ಗದ್ದು, ನಿನ್ನ ರೊಟ್ಟಿದು ಹೇಳ್ತಿದ್ದೆ. ಅಂವ ಅವನ ಮಾತಿನ್ಯಾಗ ಏನ್ ಹೇಳ್ತಿದ್ನೋ, ಒಮ್ಮೊಮ್ಮೆ ಕಣ್ಣೀರ ಹಾಕ್ತಿದ್ದ. ನಾ 'ಹೌದಪಾ, ಹೌದಪಾ' ಅಂತ ತಲಿ ಆಡಸ್ತಿದ್ದೆ."

ಬಿಡುವಿಲ್ಲದೆ ಆಡುವ ತುಟಿಗಳನ್ನು ದೂರದಿಂದ ಕಂಡ ತರಬೇತುದಾರರು, ಎಲ್ಲರಿಗಿಂತ ಚೆನ್ನಾಗಿ ಚರ್ಚಿಸುವ ಜೋಡಿಯೆಂದು ಇವರನ್ನೇ ಹೊಗಳಿದ್ದರಂತೆ. ಹತ್ತಿರ ಬಂದು ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಪರೀಕ್ಷೆಯನ್ನು ಹಿಂದಿಯಲ್ಲೇ ಬಾಯಿಮಾತಿನಲ್ಲಿ ನಡೆಸಿದಾಗ ಇಬ್ಬರೂ ನಪಾಸಾದರು.

"ಓಣ್ಯಾಗ ಸಾಬರ ಜೋಡಿ ಹಿಂದಿಯಾಗ ಪಟಪಟ ಮಾತಾಡ್ತಿದ್ದೆಲ್ಲಲೇ!" ಅಪ್ಪ ಸಿಡುಕಿದ.

"ಅದು ನೂಲಿನ ದರ ಕೇಳೂ ಮಾತು ಯಪ್ಪಾ, ಬಂದೂಕಿಂದಲ್ಲ. ಬಂದೂಕಿನ ಕೆಲಸ ನಾ ಕಲಸೂ ಉಸ್ತಾದನ ಕೈ ನೋಡಿ ಕಲ್ತೀನಿ. ಹಿಂದಿಯಾಗ ಹೇಳಾಕ ಬರೂದಿಲ್ಲ, ಅಷ್ಟ."

ಅಪ್ಪ ಮುಖ ತಿರುಗಿಸಿದ. ಆಗ ಅಣ್ಣ ನನ್ನನ್ನು ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರು ಕೂರಿಸಿಕೊಂಡ. ಒಂದು ಬಿದಿರುಕೋಲನ್ನೇ ಬಂದೂಕೆಂದು ಹಿಡಿದು, ಬಿಚ್ಚುವುದು, ಒರೆಸುವುದು, ಮತ್ತೆ ಕೂಡಿಸುವುದು ಎಲ್ಲವನ್ನೂ ಕನ್ನಡದಲ್ಲಿ ಹೇಳಿದ. ನಾನು ಕೇಳಿದೆ, ಅವನು ತಿದ್ದಿದ. ಆಮೇಲೆ ನಾನು ಹೇಳಿದೆ. ಕೊನೆಗೆ ಅಪ್ಪನೇ ನನ್ನನ್ನು ಪರೀಕ್ಷಿಸಿದ.

"ಎಣ್ಣಿ ಹಚ್ಚೂದು ಮೊದಲೋ, ಒರಸೂದು ಮೊದಲೋ?"

"ಒರಸೂದು. ಅದಕ್ಕೂ ಮೊದಲ ಒಳಗ ಗುಂಡ ಐತೇನಂತ ನೋಡಬೇಕು."

ನಾನು ಒಂದೂ ತಪ್ಪಲಿಲ್ಲ. ಅಪ್ಪ ಕುಣಿಯಿಂದ ಮೇಲೆದ್ದು ಬಂದು ಅಣ್ಣನ ಹೆಗಲ ಮೇಲೆ ಕೈಯಿಟ್ಟ. "ಖರೆ ಐತಿ, ನೀ ಕಲ್ತೀದಿ. ಆದ್ರ ಇದನ್ನ ಯಾರ ಮುಂದ ಹೇಳೂಣು?"

ಶಾಲೆಯ ಮಾಸ್ತರರಿಂದ ತರಬೇತಿ ಕೇಂದ್ರಕ್ಕೆ ಬರೆಸಿದ ಅರ್ಜಿಗೆ ಮರುಪತ್ರ ಬರಲಿಲ್ಲ. ಅಣ್ಣ ಮಗ್ಗಕ್ಕೆ ಕುಳಿತ. ಓಣಿಯವರು 'ವಾಪಸ್ ಸಿಪಾಯಿ' ಎಂದು ಕರೆಯತೊಡಗಿದ ಮೇಲೆ, ನಾಲ್ಕು ಜನರ ನಡುವೆ ಮಾತಾಡುವುದನ್ನೇ ಬಿಟ್ಟುಬಿಟ್ಟ. ಸಾಯುವತನಕ ಹಾಗೆಯೇ ಇದ್ದ.

ಮಕ್ಕಳೇ, ನಿಮ್ಮ ತರಗತಿಯಲ್ಲಿಯೂ ಟೀಚರು ಪಕ್ಕದವರೊಡನೆ ಚರ್ಚಿಸಿ ಎನ್ನುತ್ತಾರೆ. ಅದು ಒಳ್ಳೆಯ ಪದ್ಧತಿ. ಒಂದೇ ಮಧ್ಯಾಹ್ನದಲ್ಲಿ ನನಗೆ ಬಂದೂಕು ಕಲಿಸಿದ್ದು ಅದೇ. ನಿಮಗೆ ಅರ್ಥವಾಗದಿದ್ದರೆ ಕೈಯೆತ್ತಿ ಹೇಳಬಹುದು. ಅಣ್ಣನಿಗೆ ಆ ಅವಕಾಶವಿರಲಿಲ್ಲ.

ಆದ್ದರಿಂದ, ಅಂದು ಅಣ್ಣನ ಅರ್ಜಿಗೆ ಬಾರದ ಉತ್ತರವನ್ನು ಇಂದು ನಾನೇ ಕೇಳುತ್ತಿದ್ದೇನೆ. ಹೊಸ ಸಿಪಾಯಿಗಳನ್ನು ತರಬೇತುಗೊಳಿಸುವ ಮಾನ್ಯ ಅಧಿಕಾರಿಗಳಲ್ಲಿ ನನ್ನ ವಿನಂತಿ: ಇಬ್ಬರನ್ನು ಜೋಡಿಯಾಗಿ ಕೂರಿಸುವ ಮೊದಲು, ಅವರಿಬ್ಬರಿಗೂ ತಿಳಿಯುವ ಭಾಷೆ ಯಾವುದೆಂದು ನೀವು ಈಗಲಾದರೂ ಕೇಳುತ್ತಿದ್ದೀರಾ? ದಯವಿಟ್ಟು ಲಿಖಿತವಾಗಿ ಉತ್ತರಿಸಿ. ಕೇಳುತ್ತಿಲ್ಲವಾದರೆ, ಮುಂದಿನ ಜೋಡಿಯನ್ನು ಕೂರಿಸುವ ಮುನ್ನ ಕೇಳಿ.