ಮನೆ ಸಾಲು, ಲಾರಿ ಸಾಲು

"ಉಗೀಮ್ಮಾ, ಮೊದಲು ಉಗಿ" ಎನ್ನುತ್ತ ಮುನಿರತ್ನಮ್ಮನವರು ನನ್ನ ಕೈಗೆ ಹೊಡೆದರು. ಟೇಕಲ್‌ನಲ್ಲಿ ಅದು ನನ್ನ ಮೊದಲ ಸಂಜೆ. ಬಾಡಿಗೆ ಕೋಣೆಯ ಕೀಲಿ ಕೊಟ್ಟು, ಹಿತ್ತಲಿನಾಚೆಯ ತಮ್ಮ ತೋಟವನ್ನು ತೋರಿಸುತ್ತಿದ್ದರು. ಸಾಲುಸಾಲಾಗಿ ಅರಳಿ ಕುಳಿತ ಲೆಟ್ಯೂಸ್ ಕಂಡು ನಾಲಿಗೆ ತಡೆಯಲಿಲ್ಲ. ಒಂದು ಎಲೆ ಮುರಿದು ಬಾಯಿಗಿಟ್ಟಿದ್ದೆ. ಹೊಲದ ಹಕ್ಕರಕಿ ಸೊಪ್ಪನ್ನು ಕಿತ್ತು, ಮಣ್ಣು ಕೊಡವಿ, ಹಾಗೆಯೇ ರೊಟ್ಟಿಯ ಜೊತೆ ತಿನ್ನುವ ಗದಗಿನ ಕಡೆಯವಳು ನಾನು. ಪರಿಚಯವಾಗಿ ಗಂಟೆಯೂ ಕಳೆಯದ ಹೆಂಗಸು, ಎಲೆ ತಿಂದದ್ದಕ್ಕಾಗಿ ನನ್ನ ಬಾಯಿ ತೊಳೆಸಿದರು. ಕಾರಣ ಹೇಳಲಿಲ್ಲ. ಇಲ್ಲಿ ಯಾರೂ ಹಸಿಯಾಗಿ ತಿನ್ನುವುದಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು.

ಮಾಲೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿ ನಾನು ಇಲ್ಲಿಗೆ ಬಂದೆ. ಮಾಲೂರಿನಲ್ಲಿ ಒಂಟಿ ಹೆಣ್ಣಿಗೆ ಮನೆ ಸಿಗಲಿಲ್ಲ. ಕೇಳಿದ ಕಡೆಯಲ್ಲೆಲ್ಲ ನನ್ನ ಊರು, ನನ್ನ ಜಾತಿ, ನನ್ನ ಮದುವೆ ವಿಚಾರಣೆಗೆ ಒಳಗಾದವು. ಮುನಿರತ್ನಮ್ಮ ಮಾತ್ರ ಕೇಳಿದ್ದು ಒಂದೇ: ಮುದ್ದೆ ನುಂಗಲು ಬರುತ್ತದೆಯೇ ಎಂದು. ಬರುತ್ತಿರಲಿಲ್ಲ. ಅಗಿದು ತಿಂದೆ, ಮನೆಮಂದಿ ನಕ್ಕರು. ಭಾಷೆಯ ಕಥೆಯೂ ಹಾಗೆಯೇ. ನನ್ನ "ಹೌದಿಲ್ಲೋ" ಕೇಳಿ ತರಗತಿ ನಗುತ್ತಿತ್ತು; ಇಲ್ಲಿಯವರು ಕನ್ನಡದ ನಡುವೆ ಸಲೀಸಾಗಿ ಬೆರೆಸುವ ತೆಲುಗು ಕೇಳಿ ನಾನು ಕಂಗಾಲಾಗುತ್ತಿದ್ದೆ. ಒಂದೇ ರಾಜ್ಯದೊಳಗೆ ವಲಸೆ ಹೋದವರಿಗೆ ಪರದೇಶಿಯ ಗೌರವವೂ ಇಲ್ಲ, ಊರವರ ಸಲಿಗೆಯೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಒಂಟಿಯಾಗಿಸಿದ್ದು ಊಟ. ಬೇಯಿಸದ ಎಲೆಯೊಂದೂ ಆ ಮನೆಯ ತಟ್ಟೆಗೆ ಬರುತ್ತಿರಲಿಲ್ಲ. ಲೆಟ್ಯೂಸನ್ನು ಅವರು ಬಸ್ಸಾರು ಮಾಡುತ್ತಿದ್ದರು. ಬೇಳೆ ಮುಕ್ಕಾಲು ಬೆಂದ ಮೇಲೆ ಸಬ್ಬಸಿಗೆ, ಕಡೆಗೆ ಲೆಟ್ಯೂಸ್. ಮೊದಲೇ ಹಾಕಿದರೆ ಎಲೆ ಕರಗಿ ಕಾಣೆಯಾಗುತ್ತದೆ. ನೀರು ಬಸಿದು, ಅದಕ್ಕೆ ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ ರುಬ್ಬಿ ಹಾಕಿದರೆ ಸಾರು; ಬಸಿದುಳಿದ ಸೊಪ್ಪು-ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ರುಚಿ ಚೆನ್ನಾಗಿತ್ತು, ಅದನ್ನು ಒಪ್ಪದಿರಲಾರೆ. ಆದರೂ ಅವ್ವನಿಗೆ ಫೋನ್ ಮಾಡಿದಾಗಲೆಲ್ಲ, ಈ ಕೋಲಾರದವರು ಹಸಿರೆಂಬುದನ್ನೇ ಕುದಿಸಿ ಕೊಲ್ಲುತ್ತಾರೆ ಎಂದು ದೂರುತ್ತಿದ್ದೆ.

ತೋಟದಲ್ಲಿ ಒಂದು ವಿಚಿತ್ರ ಕಂಡದ್ದು ಆಮೇಲೆ. ಅಡುಗೆಗೆ ಬೇಕಾದಾಗ ಮುನಿರತ್ನಮ್ಮ ಕೊಳವೆಬಾವಿಯ ಪಕ್ಕದ ಒಂದೇ ಸಾಲಿನಿಂದ ಕೊಯ್ಯುತ್ತಿದ್ದರು. ಆ ಎಲೆಗಳಲ್ಲಿ ಹುಳು ಕೊರೆದ ತೂತುಗಳು. ಉಳಿದ ಸಾಲುಗಳು ಚಿತ್ರದಲ್ಲಿ ಬರೆದಂತೆ ನಿರ್ಮಲ. ಚೆನ್ನಾಗಿರುವುದನ್ನು ಬಿಟ್ಟು ತೂತು ಬಿದ್ದದ್ದನ್ನು ಏಕೆ ತಿನ್ನುತ್ತೀರಿ ಎಂದು ಕೇಳಿದೆ.

"ಇದು ಮನೆ ಸಾಲು. ಅದೆಲ್ಲಾ ಲಾರಿ ಸಾಲು. ಅದಕ್ಕೆ ಮಂದು ಹೊಡ್ದಿರ್ತೀವಿ" ಎಂದರು. ಮಂದು ಎಂದರೆ ತೆಲುಗಿನಲ್ಲಿ ಔಷಧಿ. ಇಲ್ಲಿ ಅದು ಕೀಟನಾಶಕ. ನಮ್ಮ ಕಡೆ ಎಣ್ಣಿ ಎನ್ನುತ್ತೇವಲ್ಲ, ಅದೇ. ನಾನು ಬಂದ ದಿನ ಬೆಳಿಗ್ಗೆಯಷ್ಟೇ ಹೊಡೆದಿದ್ದರಂತೆ. ಬಂದ ಹೊತ್ತಿಗೇ ಹೇಳಿದರೆ ಹುಡುಗಿ ಹೆದರಿಯಾಳು ಎಂದು ಸುಮ್ಮನಿದ್ದರಂತೆ.

ಹೊಡೆದ ಮೇಲೆ ಕಾಯಬೇಕಲ್ಲವೇ ಎಂದೆ. ಅವರು ಕುಡುಗೋಲು ಕೆಳಗಿಟ್ಟು ನನ್ನ ಮುಖ ನೋಡಿದರು. "ವಾರ ಬಿಡು ಅಂತಾನೂ ಅವರೇ ಹೇಳ್ತಾರೆ. ನಾಳೆ ಕೊಯ್ದಿಡು, ಲಾರಿ ಬರ್ತದೆ ಅಂತಾನೂ ಅವರೇ ಹೇಳ್ತಾರೆ. ಯಾವುದು ಕೇಳ್ಲಮ್ಮಾ?"

ಅವರು ಎಂದರೆ ಎಲೆ ಕೊಳ್ಳುವ ಸಂಗ್ರಹ ಕೇಂದ್ರದವರು. ಯಾವ ಮಂದು, ಯಾವಾಗ ಎಂದು ಹೇಳುವವರು ಅವರೇ. ಬೆಂಗಳೂರಿನಲ್ಲಿ ಬೇಡಿಕೆ ಏರಿದ ಗಳಿಗೆಯಲ್ಲಿ ಕೊಯ್ಲಿಗೆ ಫೋನ್ ಮಾಡುವವರೂ ಅವರೇ. ಆ ಎಲೆ ಬೆಂಗಳೂರಿನ ತಟ್ಟೆಯಲ್ಲಿ ಆರೋಗ್ಯದ ಹೆಸರಿನಲ್ಲಿ ಹಸಿಯಾಗಿ ಕೂರುತ್ತದೆ. ಎಲೆಯಲ್ಲಿ ಮಂದು ಪತ್ತೆಯಾದ ದಿನ ಮಾತ್ರ, ರೈತ ವಿಷ ಬೆಳೆದ ಎಂಬ ತೀರ್ಪು ಸಿದ್ಧವಿರುತ್ತದೆ. ಬೆಳೆದವನ ಹೆಸರು ಎಲ್ಲರಿಗೂ ಬೇಕು. ಅವಸರಿಸಿದವನ ಹೆಸರನ್ನು ಯಾರೂ ಕೇಳುವುದಿಲ್ಲ.

ಆ ಕೇಂದ್ರದವರೇ ಒಂದು ದಿನ ನಮ್ಮ ತೋಟದಲ್ಲಿ ಕ್ಷೇತ್ರೋತ್ಸವ ಇಟ್ಟರು. ಶಾಮಿಯಾನ, ಮೈಕು, ಹುತ್ತೂರಿನ ಕಡೆಯಿಂದಲೂ ಬಂದ ರೈತರು. ಅತಿಥಿಗಳಿಗೆಂದು ದೊಡ್ಡ ಬೋಗುಣಿಯಲ್ಲಿ ಸೌತೆ, ಟೊಮ್ಯಾಟೊ, ಮೂಲಂಗಿ ಹೆಚ್ಚಿಟ್ಟಿದ್ದರು. ನಾನು ಮುನಿರತ್ನಮ್ಮನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಕೇಂದ್ರದ ಅಧಿಕಾರಿ ಬಳಿ ಬಂದು ದನಿ ತಗ್ಗಿಸಿದರು: "ಅಮ್ಮಾ, ಸಲಾಡ್‌ಗೆ ಎರಡು ಗಿಡ ಕೊಯ್ಕೊಡಿ. ಆ ಮನೆ ಸಾಲಿಂದ ಕೊಡಿ."

ಅವರಿಗೆ ಮನೆ ಸಾಲಿನ ವಿಷಯ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಅದೇ ಅಧಿಕಾರಿ ಮೈಕಿನ ಮುಂದೆ ಬೋಗುಣಿ ಎತ್ತಿ ಹಿಡಿದು, ಇದು ಇದೇ ತೋಟದ ಎಲೆ, ಈಗಷ್ಟೇ ಕೊಯ್ದದ್ದು ಎಂದು ಸಾರಿದರು. ರೈತರ ನಡುವೆ ಕುಳಿತಿದ್ದ ನಾನು ಎದ್ದು ನಿಂತೆ.

"ಸರ್, ತೋಟ ಇದೇ, ಸಾಲು ಬೇರೆ. ಲಾರಿಗೆ ಹೋಗೋ ಸಾಲಿಂದ ಈಗ ಒಂದು ಎಲಿ ಕಿತ್ತು ಕೊಡ್ತೀನಿ. ತಿಂತೀರೇನು?"

"ತಿನ್ನಿ ಸಾರ್" ಎಂದರು ಹಿಂದಿನಿಂದ ಯಾರೋ. "ಉಪ್ಪು ಖಾರ ನಾವು ಹಾಕಿಸ್ತೀವಿ." ಶಾಮಿಯಾನವೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ. ಮೇಡಂ ಈ ಕಡೆಯವರಲ್ಲ, ಇಲ್ಲಿನ ಬೇಸಾಯ ಅವರಿಗೆ ತಿಳಿಯದು ಎಂದರು.

"ಹೊಡಿ ಅಂದವರು ನೀವು, ಕೊಯ್ಯಿ ಅಂದವರೂ ನೀವು. ಎರಡರ ನಡುವೆ ವಾರ ಬಿಡ್ತೀವಿ ಅಂತ ಈ ಮೈಕಿನಾಗ ಹೇಳ್ರಿ, ನಾನು ಕೂಡ್ತೀನಿ" ಎಂದೆ. ಮೈಕನ್ನು ಆರಿಸಿದರು. ಫೋಟೊ ತೆಗೆದರು, ಊಟ ಬಡಿಸಿದರು.

ಮರುದಿನ ಬರಬೇಕಾದ ಲಾರಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಕ್ಕಪಕ್ಕದ ತೋಟಗಳಿಗೆ ಬಂದು, ನಮ್ಮ ಬೇಲಿ ದಾಟಿ ಹೋಯಿತು. ಸಂಜೆ ಮುನಿರತ್ನಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದರು.

"ನೀನು ರೈಲು ಹತ್ತಿ ಹೋಗ್ತೀಯ ಕಣೇ. ನಾನು ಈ ಮಣ್ಣು ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ಶಾಮಿಯಾನದಲ್ಲಿ ನಾನು ಕೇಳಿದ ಪ್ರಶ್ನೆ ಸರಿಯಾದದ್ದೇ, ಇಂದಿಗೂ ಹಿಂತೆಗೆಯುವುದಿಲ್ಲ. ಆದರೆ ಪ್ರಶ್ನೆಯ ಬೆಲೆಯನ್ನು ತೆರುತ್ತಿದ್ದವರು ಅವರು. ದಿನವೂ ಬರುತ್ತಿದ್ದ ಸಾರಿನ ಬಟ್ಟಲು ಆ ದಿನಗಳಲ್ಲಿ ನನ್ನ ಬಾಗಿಲಿಗೆ ಬರಲಿಲ್ಲ. ಕಾಲೇಜು ಮುಗಿಸಿ ರೈಲಿಳಿದು, ಬೆಟ್ಟದ ಬಂಡೆಗಳನ್ನು ನೋಡುತ್ತ ನಡೆದು ಬರುವಾಗ, ಗಂಟು ಕಟ್ಟುವುದೇ ಸರಿಯೇನೋ ಎನ್ನಿಸುತ್ತಿತ್ತು.

ಲಾರಿ ಬಾರದೆಯೇ, ಮಂದು ಹೊಡೆದು ವಾರ ಕಳೆಯಿತು. ಒಂದು ಬೆಳಿಗ್ಗೆ ಮುನಿರತ್ನಮ್ಮ ನನ್ನನ್ನು ತೋಟಕ್ಕೆ ಕರೆದರು. ಲಾರಿ ಸಾಲಿನಿಂದಲೇ ಒಂದು ಎಲೆ ಮುರಿದು, ತೊಳೆದು, ಹಸಿಯಾಗಿಯೇ ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಕಹಿ. ಇದಕ್ಕಾ ಇಷ್ಟೊಂದು ಕುಣಿದಿದ್ದು ನೀನು?" ಎಂದರು. ಬಲಿತ ಎಲೆಗೆ ಆ ಕಹಿ ಸಹಜ. ಆಮೇಲೆ ಕುಡುಗೋಲು ನನ್ನ ಕೈಗಿಟ್ಟು, "ಕೊಯ್ಯಿ, ಸಂತೆಗೆ ಹೋಗಣ" ಎಂದರು.

ಮಾಲೂರಿನ ಸಂತೆಯಲ್ಲಿ ಲೆಟ್ಯೂಸ್ ಮಾರುವುದೆಂದರೆ ಅರಿಯದವರಿಗೆ ಹೊಸ ದೇವರನ್ನು ಪರಿಚಯಿಸಿದಂತೆ. ಮುಳಬಾಗಿಲಿನ ಹೆಂಗಸೊಬ್ಬರು ಎಲೆಯನ್ನು ತಿರುಗಿಸಿ ಮುರುಗಿಸಿ, "ಇದೇಂ ಕೂರ?" ಎಂದು ತೆಲುಗಿನಲ್ಲಿ ಕೇಳಿದರು, ಇದ್ಯಾವ ಸೊಪ್ಪು ಎಂದು. ಮುನಿರತ್ನಮ್ಮ ತೆಲುಗಿನಲ್ಲೇ ಬಸ್ಸಾರಿನ ಪಾಠ ಮಾಡಿದರು. ಯಾರೂ ಕೇಳದಿದ್ದರೂ, ಮಂದು ಹೊಡೆದು ವಾರ ದಾಟಿದೆ ಎಂದು ಪ್ರತಿಯೊಬ್ಬರಿಗೂ ಹೇಳಿದರು. ಅರ್ಧ ಬುಟ್ಟಿ ಖಾಲಿಯಾಯಿತು. ಉಳಿದದ್ದು ದನಗಳ ಪಾಲಾಯಿತು. ಅಂದು ಸಂಜೆ ಸಾರಿನ ಬಟ್ಟಲು ಬಂತು.

ಮುಂದಿನ ನಾಟಿ ಕೊಯ್ಲಿಗೆ ಬಂದಾಗ ಬೆಂಗಳೂರಿನಲ್ಲಿ ಎಲೆಗೆ ಅಭಾವವಿತ್ತು. ಕೇಂದ್ರದಿಂದ ಫೋನ್ ಬಂತು. ಮುನಿರತ್ನಮ್ಮ ನನ್ನನ್ನು ನೋಡುತ್ತಲೇ ಉತ್ತರಿಸಿದರು: "ಮೊನ್ನೆ ಹೊಡ್ದಿದೀನಿ ಸಾರ್. ವಾರ ಆಗ್ಲಿ, ಆಮೇಲೆ ಕಳ್ಸಿ." ಪಕ್ಕದ ತೋಟದವರಿಗೂ ಅದನ್ನೇ ಹೇಳುವಂತೆ ಬೇಲಿಯಿಂದಲೇ ಕೂಗಿ ತಿಳಿಸಿದರು. ಲಾರಿ ವಾರ ಕಳೆದ ಮೇಲೆಯೇ ಬಂತು. ಅದು ನಮ್ಮ ಗೆಲುವೋ ಅಭಾವದ ಕೃಪೆಯೋ, ನಾನು ಬಲ್ಲೆನೆಂದು ಹೇಳಲಾರೆ. ಕೇಂದ್ರದವರು ಮೈಕಿನಲ್ಲಿ ಆಡಬೇಕಿದ್ದ ಮಾತು ಇನ್ನೂ ಬಾಕಿಯಿದೆ. ಅದನ್ನು ಕೇಳುವುದನ್ನು ನಾನು ಬಿಟ್ಟಿಲ್ಲ.

ರಜೆಗೆ ಊರಿಗೆ ಹೋದೆ. ಅವ್ವ ಬಿಸಿ ರೊಟ್ಟಿ, ಹಿಂಡಿ ಚಟ್ನಿ, ಹೊಲದಿಂದ ಆಗಷ್ಟೇ ತಂದ ಹಕ್ಕರಕಿ ಇಟ್ಟಳು. ಇದಕ್ಕಾಗಿ ಎಷ್ಟು ತಿಂಗಳು ಹಂಬಲಿಸಿದ್ದೆ. ಎಲೆ ಎತ್ತಿಕೊಂಡೆ. ಕೈ ಬಾಯಿಯವರೆಗೆ ಹೋಗಲಿಲ್ಲ.

"ಅವ್ವಾ, ಬದುವಿನಾಚೆ ಹತ್ತಿಗೆ ಎಣ್ಣಿ ಯಾವಾಗ ಹೊಡದಾರ?"

"ಕೋಲಾರದಾಕಿ ಆದಿ ನೋಡು" ಎಂದು ಅವ್ವ ನಕ್ಕಳು. "ಹಕ್ಕರಕಿಗೆ ಯಾರ ಎಣ್ಣಿ ಹೊಡೀತಾರ?"

ಗಾಳಿಗೆ ಬದು ಗೊತ್ತೇನು ಎಂದೆ. ಅವಳ ನಗು ನಿಂತಿತು. ಆ ಹತ್ತಿ ಹೊಲದ ಅಂಚಿನಿಂದಲೇ ಅವಳು ಕಿತ್ತು ತಂದಿದ್ದು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಸೆರಗು ಸರಿಮಾಡಿಕೊಂಡು, ಹತ್ತಿ ಬೆಳೆದವರ ಮನೆಗೆ ಕೇಳಲು ಹೊರಟಳು. ರೊಟ್ಟಿ ಆರಲು ಬಿಟ್ಟು ನಾನೂ ಹಿಂದೆ ನಡೆದೆ.