ಹೆಸರು ಬರೆದ ಕೆಂಪು ಬೆಳಕು

ರಾಣೆಬೆನ್ನೂರಿನ ನಮ್ಮ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವ ಕೆಲಸ ನನ್ನ ಹೆಂಡತಿಯದಾಗಿತ್ತು. ಮದುವೆಗೆ ಉಡುಗೊರೆ ಕೊಡಲು ಕೊಡ, ತಾಟು ಕೊಂಡವರು ಹೆಸರು ಹಾಕಿಸದೆ ಒಯ್ಯುತ್ತಿರಲಿಲ್ಲ. ಕರೆಂಟ್ ಪೆನ್ನು ಹಿಡಿದು ಗರ್ರೆಂದು ಕೊರೆಯುತ್ತಿದ್ದಳು. ಅಕ್ಷರಗಳೆಲ್ಲ ಬಸ್ಸು ತಪ್ಪೀತೆಂದು ಓಡುವವರಂತೆ ಮುಂದಕ್ಕೆ ಬಾಗಿರುತ್ತಿದ್ದವು.

ಊರವರ ಹೆಸರನ್ನೆಲ್ಲ ಬರೆದವಳು ನನ್ನದೊಂದನ್ನು ಬರೆಯಲಿಲ್ಲ. ಗಂಡನ ಹೆಸರು ಬಾಯಲ್ಲಿ ಬರಬಾರದೆನ್ನುವ ಪದ್ಧತಿಯನ್ನು ಕೈಗೂ ಹಚ್ಚಿಕೊಂಡಿದ್ದಳು. ಮದುವೆಯ ದಿನ ಹೆಂಗಸರ ಕಾಟ ತಾಳದೆ ಒಡಪಿನ ಪ್ರಾಸದಲ್ಲಿ ನನ್ನ ಹೆಸರು ಸೇರಿಸಿ ಹೇಳಿದ್ದೇ ಮೊದಲು, ಅದೇ ಕೊನೆ. ನನ್ನ ಚಹಾ ಲೋಟದ ಮೇಲೆ 'ನಮ್ಮನಿಯವರು' ಎಂದು ಕೊರೆದಿಟ್ಟಿದ್ದಳು.

"ಹೆಸರ ಬರದ್ರ ನಿನ್ನ ಕೈ ಸವೀತೈತೇನು?" ಎಂದು ಕೆಣಕುತ್ತಿದ್ದೆ.

"ನಿಮ್ಮ ಆಯುಷ್ಯ ಸವೀತೈತ್ರಿ. ಸುಮ್ನ ಚಾ ಕುಡೀರಿ."

ಸವೆದದ್ದು ಅವಳ ಆಯುಷ್ಯ.

ಅವಳು ಹೋದ ಮೇಲೆ ಲೇಸರ್ ಯಂತ್ರ ತಂದೆ. ಅದರ ತಲೆಯೊಳಗೆ ಉಗುರಿನಷ್ಟು ಎರಡು ಕನ್ನಡಿಗಳಿವೆ. ಕಾಲೇಜಿನಲ್ಲಿ ಕರೆಂಟ್ ಅಳೆಯುವ ಗ್ಯಾಲ್ವನೋಮೀಟರಿನ ಮುಳ್ಳನ್ನು ಅಲುಗಿಸುತ್ತಿದ್ದ ವಿದ್ಯೆಯೇ ಇಲ್ಲಿ ಕನ್ನಡಿ ತಿರುಗಿಸುತ್ತದೆ. ಒಂದು ಕನ್ನಡಿ ಬೆಳಕನ್ನು ಎಡಕ್ಕೆ ಬಲಕ್ಕೆ ಒಯ್ದರೆ ಇನ್ನೊಂದು ಮೇಲೆ ಕೆಳಗೆ ಒಯ್ಯುತ್ತದೆ. ಗೆರೆ ಕೊಟ್ಟರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ತಪ್ಪುವುದಿಲ್ಲವೆಂಬುದೇ ನನ್ನ ತಲೆ ಕೆಡಿಸಿತು. ಅವಳ ಅಕ್ಷರ ಕೊಟ್ಟರೆ ಅವಳ ಕೈಯಂತೆಯೇ ಬರೆದೀತಲ್ಲ! ಒಮ್ಮೆಯಾದರೂ ಅವಳ ಅಕ್ಷರದಲ್ಲಿ ನನ್ನ ಹೆಸರು ನೋಡಬೇಕೆನಿಸಿತು. ಕುಪ್ಪೇಲೂರು, ಬ್ಯಾಡಗಿ ಎಂದು ಬೀಗರ ಮನೆಗಳಿಗೆಲ್ಲ ಹೋಗಿ, ಅವಳು ಕೊರೆದ ಪಾತ್ರೆಗಳ ಫೋಟೊ ತೆಗೆದೆ. ನನ್ನ ಹೆಸರಿಗೆ ಬೇಕಾದ ಕೊನೆಯ ಅಕ್ಷರ ಕಾಗಿನೆಲೆಯಲ್ಲಿ ಅವಳ ತಂಗಿಯ ಮನೆಯ ಕೊಡದ ಮೇಲೆ ಸಿಕ್ಕಿತು.

"ಕಳವಾದ ಪಾತ್ರಿ ಹುಡುಕಾಕತ್ತೀರೇನ್ರಿ ಮಾವಾರ?" ಎಂದು ನಾದಿನಿ ನಕ್ಕಳು. ಖರೇ ಹೇಳಲು ನಾಚಿಕೆಯಾಯಿತು. "ಹೂಂ," ಎಂದೆ.

ಮರುದಿನ ಫೋಟೊದ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಯಂತ್ರಕ್ಕೆ ಕೊಟ್ಟು, ಹೊಸ ಲೋಟವೊಂದನ್ನು ಅದರ ಕೆಳಗಿಟ್ಟೆ. ಕೊರೆಯುವ ಮುಂಚೆ ಎಲ್ಲಿ ಬರುತ್ತದೆಂದು ತೋರಿಸಲು ಅದು ಕೆಂಪು ಬೆಳಕಿನಿಂದ ಸುಮ್ಮನೆ ಬರೆದು ತೋರಿಸುತ್ತದೆ. ಕನ್ನಡಿಗಳು ಗುಂಯ್ ಎಂದವು. ಮುಂದಕ್ಕೆ ಬಾಗಿದ ಅಕ್ಷರಗಳಲ್ಲಿ ನನ್ನ ಹೆಸರು ಮಿನುಗಿತು. ಅದೇ ಓಟ, ಅದೇ ಅವಸರ. ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತುಬಿಟ್ಟೆ.

ಇನ್ನು ಗುಂಡಿ ಒತ್ತುವುದಷ್ಟೇ ಉಳಿದಿತ್ತು. ಆಯುಷ್ಯ ಸವೆದರೆ ಸವೆಯಲಿ, ಇದ್ದು ಮಾಡುವುದಾದರೂ ಏನಿತ್ತು? ಆದರೂ ಬೆರಳು ಏಳಲಿಲ್ಲ. ಬದುಕಿರುವತನಕ ಒಲ್ಲೆನೆಂದವಳಿಂದ, ಸತ್ತ ಮೇಲೆ ಕೈ ಹಿಡಿದು ಬರೆಸಿದಂತಾಗುತ್ತಿತ್ತು.

ಯಂತ್ರ ಆರಿಸಿದೆ. ಲೋಟದ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ಮಾರುವ ಲೋಟಗಳ ಸಾಲಿಗೆ ಇಟ್ಟು, ನನ್ನ ಹಳೆಯ ಲೋಟ ಎತ್ತಿಕೊಂಡೆ. ಚಹಾ ತಣ್ಣಗಾಗಿತ್ತು. "ರೀ, ಚಾ ಆರಾಕತ್ತೈತಿ," ಎಂದು ಯಾರೂ ಕೂಗಿರಲಿಲ್ಲ.